ಚಿಮಣಿ ಸತ್ತಿಲ್ಲ

ಆ ಮನೆಗೆ ಕಾಮಿಕ್ಸ್ ಪುಸ್ತಕಗಳು ಬರುತ್ತಿದ್ದದ್ದೇ ಬಾಲ ಕತ್ತರಿಸಿಕೊಂಡು. ಅಪ್ಪ ಪತ್ರಿಕೆ ಏಜೆನ್ಸಿಯೊಂದರಲ್ಲಿ ಗುಮಾಸ್ತನಾಗಿದ್ದ. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಪ್ರತಿಗಳು ತಿಂಗಳ ಕೊನೆಗೆ ಏಜೆನ್ಸಿಗೆ ವಾಪಸು ಬರುತ್ತಿದ್ದವು. ಇಡೀ ಪುಸ್ತಕವನ್ನು ಅಚ್ಚು ಹಾಕಿದವರಿಗೆ ಹಿಂದಕ್ಕೆ ಕಳಿಸುವುದು ಯಾರಿಗೂ ಬೇಡದ ತಾಪತ್ರಯ. ಅದಕ್ಕೆ ಪ್ರತಿಯೊಂದರ ಕೊನೆಯ ಹಾಳೆಯನ್ನು ಮಾತ್ರ ಕಿತ್ತು, ಕಟ್ಟು ಕಟ್ಟಿ, ಇಷ್ಟು ಪ್ರತಿ ಉಳಿಯಿತು ನೋಡಿ ಎಂದು ಸಾಕ್ಷಿಗೆ ಕಳಿಸುತ್ತಿದ್ದರು. ಮಿಕ್ಕದ್ದು ರದ್ದಿಗೆ. ರದ್ದಿಯವನು ಬರುವ ಮೊದಲು ಅಪ್ಪ ಒಂದೊಂದು ಪ್ರತಿಯನ್ನು ಊಟದ ಚೀಲಕ್ಕೆ ತುರುಕಿಕೊಂಡು ಮನೆಗೆ ತರುತ್ತಿದ್ದ.

ಹೀಗಾಗಿ ಆ ಮನೆಯಲ್ಲಿ ಯಾವ ನಾಯಕನೂ ಬಂಡೆಯಿಂದ ಮೇಲೆ ಹತ್ತಲಿಲ್ಲ, ಯಾವ ಖಳನೂ ಸಿಕ್ಕಿಬೀಳಲಿಲ್ಲ. ಎಲ್ಲರೂ ಮೂವತ್ತನೇ ಪುಟದಲ್ಲಿ ಜೋತುಬಿದ್ದೇ ಇದ್ದರು. ಬೇರೆ ಮನೆಯ ಮಕ್ಕಳಿಗೆ ಕಾಮಿಕ್ಸ್ ಸಿಗುತ್ತಿರಲಿಲ್ಲ, ಈ ಮನೆಯ ಮಕ್ಕಳಿಗೆ ಕೊನೆ ಸಿಗುತ್ತಿರಲಿಲ್ಲ, ವ್ಯತ್ಯಾಸ ಅಷ್ಟೇ.

ಕೊನೆ ಹೇಳುವ ಕೆಲಸ ಅಣ್ಣನದು. ಅವನು ತಂಗಿಗಿಂತ ಆರು ವರ್ಷ ದೊಡ್ಡವನು. ಶಾಲೆ ಬಿಟ್ಟಮೇಲೆ ಏಜೆನ್ಸಿಯ ಹಿಂದಿನ ಕೋಣೆಗೆ ನುಗ್ಗಿ, ಕಿತ್ತ ಹಾಳೆಗಳ ಕಟ್ಟಿನಲ್ಲಿ ಓದಿಕೊಂಡು ಬರುತ್ತಿದ್ದ. ಮಾಳಿಗೆಯ ಮೆಟ್ಟಿಲ ಮೇಲೆ ಕೂತು, ಕೈ ಬೀಸಿ, ಖಳನ ಕೆಮ್ಮು ಕೆಮ್ಮಿ ಹೇಳುತ್ತಿದ್ದ. ಅವನು ಹೇಳಿದ ಮೇಲೇ ತಂಗಿಯ ಪಾಲಿಗೆ ಕಥೆ ಮುಗಿಯುತ್ತಿತ್ತು.

ಇಬ್ಬರಿಗೂ ಪ್ರಾಣವಾಗಿದ್ದದ್ದು 'ದೀಪದಾಳು'. ಸಮುದ್ರದ ನಡುವಿನ ದೀಪಸ್ತಂಭ ಕಾಯುವ ಒಬ್ಬ ಉದ್ದನೆಯ ಮನುಷ್ಯ. ಅವನ ಜೊತೆಗೆ ಹತ್ತು ವರ್ಷದ ಒಬ್ಬ ಹುಡುಗಿ, ಹೆಸರು ಚಿಮಣಿ. ದೀಪದಾಳು ಬಲಶಾಲಿ, ಆದರೆ ಸ್ವಲ್ಪ ಮಂಕು. ಬುದ್ಧಿಯೆಲ್ಲ ಚಿಮಣಿಯದು. ಕಾವಳದ ದೊರೆ ಎಂಬ ಖಳ ಪ್ರತಿ ಸಂಚಿಕೆಯಲ್ಲೂ ಹಡಗುಗಳನ್ನು ಮುಳುಗಿಸಲು ಬರುತ್ತಿದ್ದ, ಪ್ರತಿ ಸಂಚಿಕೆಯಲ್ಲೂ ಚಿಮಣಿ ಅವನ ಬಾಯಿಗೆ ಮಣ್ಣು ಹಾಕುತ್ತಿದ್ದಳು. ಅಣ್ಣ ತಂಗಿಗೆ ಅದೇ ಹೆಸರಿಟ್ಟ. ಅಪ್ಪ ಅಮ್ಮ ಇಟ್ಟ ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಉಳಿಯಿತು, ಮನೆಯಲ್ಲಿ ಅವಳು ಚಿಮಣಿಯಾದಳು.

ಎಂಬತ್ತನಾಲ್ಕನೇ ಸಂಚಿಕೆ ಕೊನೆಯದು. ಮೂವತ್ತನೇ ಪುಟದಲ್ಲಿ ಚಿಮಣಿ ಉರಿಯುತ್ತಿರುವ ಸ್ತಂಭದೊಳಕ್ಕೆ ಓಡುತ್ತಾಳೆ. ಮುಂದಿನ ಹಾಳೆ ಇಲ್ಲ. ತಂಗಿಗೆ ಆಗ ಒಂಬತ್ತು, ಅಣ್ಣನಿಗೆ ಹದಿನೈದು. ಅಮ್ಮ ಎದೆಯ ಕಾಯಿಲೆಯಿಂದ ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

"ಚಿಮಣಿ ಏನಾದ್ಲು?" ಎಂದು ತಂಗಿ ಕೇಳಿದಳು.

"ಏನಾಗ್ತಾಳೆ? ಹೊರಗೆ ಬಂದ್ಲು. ಕೂದಲು ಅರ್ಧ ಸುಟ್ಟೋಗಿತ್ತು. ನಕ್ಕೊಂಡೇ ಬಂದ್ಲು," ಎಂದ ಅಣ್ಣ.

ಅಮ್ಮನ ಕೊನೆಯನ್ನು ಹೇಳಿದವನೂ ಅವನೇ. ಹನ್ನೆರಡು ತುಂಬದ ಮಕ್ಕಳನ್ನು ವಾರ್ಡಿಗೆ ಬಿಡುತ್ತಿರಲಿಲ್ಲ. ಅಣ್ಣ ಒಳಗೆ ಹೋದ, ತಂಗಿ ಗೇಟಿನ ಬಳಿ ಅಪ್ಪನ ಕೊಡೆ ಹಿಡಿದು ನಿಂತಿದ್ದಳು. ಎರಡು ದಿನದಿಂದ ಅವಳು ಅನ್ನ ಮುಟ್ಟಿರಲಿಲ್ಲ. ಅಣ್ಣ ಹೊರಗೆ ಬಂದು, "ಅಮ್ಮ ಕೊನೆಗೆ ಒಂದೇ ಮಾತು ಅಂದ್ಲು. 'ಚಿಮಣಿ ಊಟ ಮಾಡಿದ್ಲಾ' ಅಂತ," ಎಂದ. ಅವಳು ಮನೆಗೆ ಹೋಗಿ ಉಂಡಳು. ಆವತ್ತಿನಿಂದ ಇವತ್ತಿನವರೆಗೆ, ಜ್ವರವಿರಲಿ ಜಗಳವಿರಲಿ, ಅವಳು ಒಂದು ಹೊತ್ತೂ ಊಟ ತಪ್ಪಿಸಿದವಳಲ್ಲ.

ಇದೆಲ್ಲ ನಡೆದು ನಲವತ್ತಮೂರು ವರ್ಷವಾಯಿತು. ತಂಗಿ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಕೇಳಿದೋರು ಬಂದಿಲ್ಲ, ಬಂದೋರು ಕೇಳಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಡಾಕ್ಟರು ತೆಗೆದ ಬಾಯಿಯ ಅಚ್ಚು ಬರುತ್ತದೆ, ಅದಕ್ಕೆ ಗಾರೆ ಹೊಯ್ದು ದವಡೆ ಮಾಡುತ್ತಾರೆ, ಅದರ ಮೇಲೆ ಅವಳು ಮೇಣದ ಒಸಡು ಕಟ್ಟಿ ಒಂದೊಂದೇ ಹಲ್ಲು ಕೂರಿಸಬೇಕು. ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಸುಳ್ಳು ಮಾಡುವುದೇ ಅವಳ ಕಸುಬು. ಅಣ್ಣ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವನು. ಮೂವತ್ತೈದು ವರ್ಷ ಕತ್ತಲ ಕೋಣೆಯ ಬಾಗಿಲಲ್ಲಿ ನಿಂತು "ಅಲ್ಲಾಡ್ಬೇಡಿ, ಉಸಿರೆಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎಂದು ಹೇಳಿ ಹೋದ ವರ್ಷವಷ್ಟೇ ನಿವೃತ್ತನಾಗಿದ್ದ. ಮಗಳು ಚಿಕ್ಕವಳಿದ್ದಾಗಲೇ ಅವನ ಹೆಂಡತಿ ಹೋಗಿಬಿಟ್ಟಿದ್ದಳು. ಆ ಮಗಳು ಈಗ ದೂರದ ರೈಲುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಾಳೆ, ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೇ ವಾಸ. ಅಣ್ಣನಿಗೆ ಜನ ಎಂದರೆ ಮೂಳೆ, ತಂಗಿಗೆ ಜನ ಎಂದರೆ ಹಲ್ಲು. ಮುಖ ನೋಡಿ ಗುರುತು ಹಿಡಿಯುವವರು ಆ ಮನೆಯಲ್ಲಿ ಮಗಳೊಬ್ಬಳೇ.

ಕ್ವಿಜ್ಜಿನ ಹುಚ್ಚು ಹತ್ತಿಸಿದವಳೂ ಅವಳೇ. ಎರಡು ಸ್ಟೇಷನ್ನಿನ ನಡುವೆ ಹೊತ್ತು ಹೋಗದಿದ್ದರೆ ಮನೆಯವರ ಫೋನಿಗೆ ಕ್ವಿಜ್ಜಿನ ಕೊಂಡಿ ಕಳಿಸುತ್ತಿದ್ದಳು. 'ನೀವು ಯಾವ ಪೀಠೋಪಕರಣ?' 'ಹತ್ತು ಪ್ರಶ್ನೆಗಳಲ್ಲಿ ನಿಮ್ಮ ನಿಜವಾದ ವಯಸ್ಸು.' 'ನಿಮ್ಮ ಮನಸ್ಸಿನ ಬಣ್ಣ ಯಾವುದು?' ತಲೆಬುಡವಿಲ್ಲದ ಪ್ರಶ್ನೆಗಳು. ಆದರೂ ಅಣ್ಣ ತಂಗಿ ಇಬ್ಬರೂ ಊಟವಾದ ಮೇಲೆ ಪರೀಕ್ಷೆಗೆ ಕೂತವರ ಹಾಗೆ ಕೂರುತ್ತಿದ್ದರು. ಅಣ್ಣ ಒಂದು ನಿಯಮ ಮಾಡಿದ್ದ. ಒಬ್ಬರ ಉತ್ತರವನ್ನು ಇನ್ನೊಬ್ಬರು ಹೇಳಬೇಕು.

"ನಮ್ಮ ವಿಷಯ ನಾವೇ ಹೇಳ್ಕೊಂಡ್ರೆ ಬರೀ ಸುಳ್ಳೇ ಬರೋದು," ಎನ್ನುತ್ತಿದ್ದ.

ತಂಗಿಯ ಉತ್ತರಗಳಿಂದ ಅಣ್ಣ ಮಡಚುವ ಕುರ್ಚಿಯಾದ. ಅಣ್ಣನ ಉತ್ತರಗಳಿಂದ ತಂಗಿ ಒಮ್ಮೆ ನೀಲಿಯಾದಳು, ಒಮ್ಮೆ ನವಿಲಾದಳು, ಒಮ್ಮೆ ಹದಿನೇಳು ವರ್ಷದವಳಾದಳು. "ಮೊಣಕಾಲಿಗೆ ಹೇಳು ಇದನ್ನ," ಎಂದು ಅವಳು ನಕ್ಕಳು. ಅಣ್ಣ ನಗಲು ಹೋಗಿ ಕೆಮ್ಮಿದ.

ಆ ಕೆಮ್ಮು ಶುರುವಾಗಿ ಆಗಲೇ ಎರಡು ತಿಂಗಳಾಗಿತ್ತು. ಕೊನೆಗೆ ತಂಗಿಯ ಕಾಟ ತಾಳಲಾರದೆ ಅವನು ಆಸ್ಪತ್ರೆಯ ತನ್ನ ಹಳೆಯ ಕೋಣೆಗೇ ಹೋಗಿ, ತನ್ನ ಜಾಗಕ್ಕೆ ಬಂದವನ ಕೈಲಿ ಫಿಲ್ಮ್ ತೆಗೆಸಿಕೊಂಡು ಬಂದ. ಅಡಿಗೆಮನೆಯ ಕಿಟಕಿಯ ಗಾಜಿಗೆ ಅದನ್ನು ಒತ್ತಿ ಹಿಡಿದು, ಪಾಠ ಮಾಡುವವನ ಹಾಗೆ ಬೆರಳಿಟ್ಟು ತೋರಿಸಿದ.

"ಇದು ಪಕ್ಕೆಲುಬು. ಇದು ಹೃದಯ. ಈ ಬೆಳ್ಳಗಿದೆಯಲ್ಲ, ಇದು ಹಳೇ ಕಲೆ. ಚಿಕ್ಕವನಿದ್ದಾಗ ನ್ಯುಮೋನಿಯಾ ಬಂದಿತ್ತಲ್ಲ, ಅದರದ್ದು."

"ಹೋಗತ್ತಾ?"

"ಕಲೆ ಎಲ್ಲಿಗೆ ಹೋಗತ್ತೆ? ಇರತ್ತೆ ಪಾಪ, ಅದರ ಪಾಡಿಗೆ."

ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು, ಅಣ್ಣನಿಗೆ ಏನೂ ಆಗಿಲ್ಲ ಎಂಬುದು. ಆ ಮಾತು ಸಿಕ್ಕಿತು. ಸಿಕ್ಕಿದ್ದನ್ನು ಅವಳು ತಿರುಗಿಸಿ ನೋಡಲಿಲ್ಲ. ಅಣ್ಣ ಫಿಲ್ಮನ್ನು ಲಕೋಟೆಗೆ ಹಾಕಿ ಬೀರುವಿನ ಮೇಲೆ, ಕಾಮಿಕ್ಸ್ ಕಟ್ಟುಗಳ ಪಕ್ಕದಲ್ಲಿಟ್ಟ.

ಮೂರು ತಿಂಗಳು ಕಳೆದ ಮೇಲೆ ಮಗಳಿಂದ ಒಂದು ಕೊಂಡಿ ಬಂತು. 'ದೀಪದಾಳು ಅಭಿಮಾನಿಗಳೇ, ಆ ಕಥೆಯಲ್ಲಿ ನೀವು ಯಾರು?' ಕೆಳಗೆ ಅವಳ ಸಾಲು: "ಅತ್ತೆ, ಇದು ನಿಮಗೋಸ್ಕರಾನೇ ಮಾಡಿದ ಹಾಗಿದೆ!"

ತಂಗಿ ಕುಣಿದಾಡಿಬಿಟ್ಟಳು. ಅಣ್ಣನ ಮುಂದೆ ಫೋನ್ ಹಿಡಿದರೆ ಅವನು ಕನ್ನಡಕ ಹಾಕಿಕೊಂಡು ಮೇಲಿನ ಸಾಲು ಓದಿ, ಕನ್ನಡಕ ತೆಗೆದ.

"ಬೇಡ ಬಿಡು. ಇಂಥವೆಲ್ಲ ಚೆನ್ನಾಗಿರಲ್ಲ."

"ನೀನು ಯಾವ ಪೊರಕೆ ಅನ್ನೋ ಕ್ವಿಜ್ ಚೆನ್ನಾಗಿತ್ತು, ಇದು ಚೆನ್ನಾಗಿರಲ್ವಾ?"

"ತಲೆನೋವು ಕಣೇ. ಇನ್ನೊಂದ್ ದಿನ ಮಾಡೋಣ."

ಇನ್ನೊಂದು ದಿನ ಬರಲಿಲ್ಲ. ಮೂರು ಸಲ ಕೇಳಿದಳು, ಮೂರು ಸಲವೂ ಅವನಿಗೆ ತಲೆನೋವು. ನಾಲ್ಕನೇ ದಿನ ಲ್ಯಾಬಿನಲ್ಲಿ, ಮಧ್ಯಾಹ್ನ ಒಂದು ಗಂಟೆಗೆ, ಊಟದ ಡಬ್ಬಿ ಪಕ್ಕಕ್ಕಿಟ್ಟು ಅವಳೊಬ್ಬಳೇ ಆಡಿದಳು. ನಿಯಮ ಮುರಿದದ್ದಕ್ಕೆ ಸ್ವಲ್ಪ ಅಳುಕಿತ್ತು.

ಏಳನೇ ಪ್ರಶ್ನೆ ಹೀಗಿತ್ತು: ನಿಮ್ಮ ಜೊತೆಗಿರುವವರಿಗೆ ನೋವಾಗುವ ಸತ್ಯವೊಂದು ನಿಮಗೊಬ್ಬರಿಗೇ ಗೊತ್ತಿದೆ. ಏನು ಮಾಡುತ್ತೀರಿ? ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಸುಮ್ಮನಿರುತ್ತೇನೆ, ಬೇರೇನಾದರೂ ಹೇಳುತ್ತೇನೆ. ಅವಳು ಹಿಂದೆಮುಂದೆ ನೋಡದೆ ಮೊದಲನೆಯದನ್ನು ಒತ್ತಿದಳು. ಹತ್ತೂ ಮುಗಿದ ಮೇಲೆ ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಉದುರಿ ಫಲಿತಾಂಶ ಬಂತು.

'ಅಭಿನಂದನೆಗಳು! ನೀವು ಚಿಮಣಿ! ಕೊನೆಯ ಸಂಚಿಕೆಯಲ್ಲಿ ತನ್ನ ಪ್ರಾಣ ಕೊಟ್ಟು ನೂರು ಹಡಗುಗಳನ್ನು ಉಳಿಸಿದ ಆ ಪುಟ್ಟ ಹುಡುಗಿಯ ಮನಸ್ಸು ನಿಮ್ಮದು.'

ಅವಳು ಎರಡು ಸಲ ಓದಿದಳು. ಸಿಟ್ಟು ಬಂತು. ಕ್ವಿಜ್ ಮಾಡುವವರು ಕಥೆಯನ್ನಾದರೂ ಪೂರ್ತಿ ಓದಬಾರದೇ? ಕೆಳಗೆ ಅಭಿಪ್ರಾಯ ಬರೆಯುವ ಜಾಗವಿತ್ತು. ಜನ್ಮದಲ್ಲಿ ಅಂಥ ಕಡೆ ಒಂದಕ್ಷರ ಬರೆಯದವಳು ಒಂದೇ ಬೆರಳಲ್ಲಿ ಕುಟ್ಟಿದಳು: 'ಕ್ಷಮಿಸಿ, ನಿಮಗೆ ಕಥೆ ಸರಿಯಾಗಿ ಗೊತ್ತಿಲ್ಲ. ಚಿಮಣಿ ಸತ್ತಿಲ್ಲ. ಕೊನೆಯ ಪುಟದಲ್ಲಿ ಅವಳು ಕೂದಲು ಸುಟ್ಟುಕೊಂಡು ನಗುತ್ತಾ ಹೊರಗೆ ಬರುತ್ತಾಳೆ. ಮೊದಲು ಓದಿ, ಆಮೇಲೆ ಕ್ವಿಜ್ ಮಾಡಿ.'

ಊಟ ಮುಗಿಸುವಷ್ಟರಲ್ಲಿ ಹನ್ನೊಂದು ಉತ್ತರ ಬಂದಿದ್ದವು. ಯಾವ ಲೋಕದ ಚಿಮಣಿ ಇದು, ಎಂದು ಒಬ್ಬ. ಆಂಟಿ ಬೇರೆ ಪುಸ್ತಕ ಓದಿರಬೇಕು, ಎಂದು ಇನ್ನೊಬ್ಬ. ಮೂರನೆಯವನು ಬರೆದದ್ದು ಮಾತ್ರ ನಾಟಿತು: 'ಆಂಟಿ ಕೊನೆ ಪುಟ ಓದೇ ಇಲ್ಲ ಅನ್ಸುತ್ತೆ.'

"ಯಾರ ಜೊತೆ ಯುದ್ಧ?" ಎಂದರು ಪಕ್ಕದ ಮೇಜಿನ ಹಿರಿಯರು. ಅಚ್ಚುಗಳಿಗೆ ಗಾರೆ ಹೊಯ್ಯುವುದು ಅವರ ಕೆಲಸ, ಎಲ್ಲರೂ ಗಾರೆಯವರು ಎಂದೇ ಕರೆಯುವುದು.

"ಚಿಕ್ಕಂದಿನ ಕಥೆ ಒಂದರ ವಿಷಯ. ಇವರು ಅದರಲ್ಲಿರೋ ಹುಡುಗಿ ಸತ್ತೋದ್ಲು ಅಂತಿದಾರೆ."

"ಸತ್ತಿಲ್ವಾ?"

"ಇಲ್ಲ. ನಮ್ಮಣ್ಣ ಓದಿದಾನೆ."

ಹಾಗೆ ಹೇಳುತ್ತಿರುವಾಗಲೇ ಯಾರೋ ಪುಣ್ಯಾತ್ಮ ಆ ಹಾಳೆಯ ಚಿತ್ರವನ್ನೇ ಹಾಕಿದ. ಅವಳು ಎರಡು ಬೆರಳಿಂದ ಅದನ್ನು ದೊಡ್ಡದು ಮಾಡಿದಳು. ಎಂಬತ್ತನಾಲ್ಕನೇ ಸಂಚಿಕೆ, ಮೂವತ್ತೊಂದನೇ ಪುಟ. ಸ್ತಂಭ ಕುಸಿಯುತ್ತದೆ. ಹಡಗುಗಳು ದಡ ಸೇರುತ್ತವೆ. ಹಡಗಿನವರು ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದಾರೆ. ಕೊನೆಯ ಚೌಕದಲ್ಲಿ ನೀರಿನ ಮೇಲೆ ತೇಲುತ್ತಿರುವ ಒಂದು ಪುಟ್ಟ ಲಾಂದ್ರ, ದಡದಲ್ಲಿ ಮೊಣಕಾಲೂರಿದ ದೀಪದಾಳು. ಅವನ ಬಾಯಿಂದ ಮಾತಿನ ಗುಳ್ಳೆಯೊಂದು ಹೊರಟಿದೆ. ಗುಳ್ಳೆಯೊಳಗೆ ಏನೂ ಬರೆದಿಲ್ಲ.

ಐವತ್ತೆರಡು ವರ್ಷದ ಹೆಂಗಸು ಕಾಮಿಕ್ಸಿನ ಹುಡುಗಿಯೊಬ್ಬಳಿಗಾಗಿ ಅಳುವುದೇ ಎಂದು ನಗುವವರು ನಗಲಿ. ಆದರೆ ಅವಳು ಅತ್ತದ್ದು ಬರೀ ಚಿಮಣಿಗಾಗಿ ಅಲ್ಲ. ಅಣ್ಣ ಈ ಹಾಳೆಯನ್ನು ಓದಿದ್ದ. ಓದಿ, ಇವಳ ಮುಖ ನೋಡಿ, ಕಣ್ಣು ಮಿಟುಕಿಸದೆ ಬೇರೆ ಹೇಳಿದ್ದ. ಹೇಳುವಾಗ ಅವನ ದನಿ ಹೇಗಿತ್ತೆಂದು ಅವಳು ನೆನಪು ಮಾಡಿಕೊಂಡಳು. ಕಿಟಕಿಯ ಗಾಜಿನ ಮುಂದೆ ನಿಂತು 'ಇರತ್ತೆ ಪಾಪ, ಅದರ ಪಾಡಿಗೆ' ಎಂದಾಗ ಇದ್ದ ದನಿಯೂ ಅದೇ.

ಅವಳು ಮೇಣದ ದೀಪ ಆರಿಸಿ, ಅರ್ಧ ಕೂರಿಸಿದ ಹಲ್ಲುಗಳನ್ನು ಹಾಗೇ ಬಿಟ್ಟು ಮನೆಗೆ ಹೊರಟಳು. ಲ್ಯಾಬಿನ ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ.

ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹೊದಿಕೆ ಹೊದ್ದು ಕೂತಿದ್ದ. ಅವಳು ಚಪ್ಪಲಿಯನ್ನೂ ಬಿಡದೆ ಬಂದು ಫೋನನ್ನು ಅವನ ಕೈಗಿಟ್ಟಳು. ಅವನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಬಣ್ಣ ಚೆನ್ನಾಗಿ ಉಳಿದಿದೆ," ಎಂದ.

"ನೀನು ಇದನ್ನ ಓದಿದ್ದೆ."

"ಓದಿದ್ದೆ."

"ಮತ್ತೆ ನನಗೆ ಯಾಕೆ ಹಾಗೆ ಹೇಳ್ದೆ?"

"ಅಮ್ಮ ಹೋಗಿ ಇಪ್ಪತ್ತು ದಿನ ಆಗಿತ್ತು. ನೀನು ಮೆಟ್ಟಿಲ ಮೇಲೆ ಕೂತು ನನ್ನ ಬಾಯನ್ನೇ ನೋಡ್ತಿದ್ದೆ. ಒಂದೇ ತಿಂಗಳಲ್ಲಿ ಎರಡು ಸಾವು ಹೇಳೋಕೆ ನನಗೆ ಬಾಯಿ ಬರ್ಲಿಲ್ಲ."

ಅವಳು ಬೀರುವಿನ ಮೇಲಿನ ಲಕೋಟೆಯ ಕಡೆ ಕೈ ತೋರಿಸಿದಳು. "ಅದು?"

ಅವನು ಆ ಕಡೆ ನೋಡಲಿಲ್ಲ. ಫೋನನ್ನು ಹೊದಿಕೆಯ ಮೇಲೆ ಮೆಲ್ಲಗೆ ಮಗುಚಿಟ್ಟ.

"ಹಳೇ ಕಲೆ ಅಲ್ಲ."

"ಯಾವತ್ತಿಂದ ಗೊತ್ತು?"

"ತೆಗೆಸಿದ ದಿನಾನೇ. ಮೂವತ್ತೈದು ವರ್ಷ ನೋಡಿದೀನಿ, ಗೊತ್ತಾಗಲ್ವಾ? ಸುಮಾರು ಮುಂದೆ ಹೋಗಿದೆ ಕಣೇ. ಇಂಥದ್ದು ನೋಡಿದಾಗೆಲ್ಲ 'ಡಾಕ್ಟ್ರು ಹೇಳ್ತಾರೆ' ಅಂದ್ಬಿಟ್ಟು ಬಾಗಿಲು ಹಾಕ್ಕೊಳ್ತಿದ್ದೆ. ನಿನಗೆ ಹಾಗನ್ನೋಕೆ ಆಗ್ಲಿಲ್ಲ."

ಅವಳು ಕೂಗಾಡಿದಳು. ಕೆಳಗಿನ ಮನೆಯವರು ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು, ಆದರೂ ನಿಲ್ಲಿಸಲಿಲ್ಲ. "ನಾನೇನು ಒಂಬತ್ತು ವರ್ಷದವಳಾ? ಊರಿಗೆಲ್ಲ ಹಲ್ಲು ಕಟ್ಟಿಕೊಡ್ತೀನಿ, ನನಗೆ ಅಗಿಯೋಕೆ ಬರಲ್ಲ ಅಂದ್ಕೊಂಡ್ಯಾ?" ಅಣ್ಣ ತಲೆ ತಗ್ಗಿಸಿ ಬೈಸಿಕೊಂಡ. ಬೈಗುಳ ಮುಗಿದ ಮೇಲೆ ಅವಳು ಅವನ ಕಾಲ ಬಳಿ ನೆಲದ ಮೇಲೆ ಕೂತು ಅವನ ಮೊಣಕಾಲಿಗೆ ಹಣೆ ಹಚ್ಚಿದಳು.

ಮಾರನೇ ದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಇದ್ದ ವಿಷಯ ಹೇಳಿದರು, ಇರುವುದು ತಿಂಗಳುಗಳ ಮಾತು ಎಂದರು. "ಮೂರು ತಿಂಗಳು ಮೊದಲೇ ಬಂದಿದ್ರೆ?" ಎಂದು ಅವಳು ಕೇಳಿದಳು.

"ಬಹುಶಃ ಹೀಗೇ ಆಗ್ತಿತ್ತು. ಸ್ವಲ್ಪ ಹೆಚ್ಚು ಸಮಯ ಸಿಗ್ತಿತ್ತೇನೋ."

ಆ 'ಏನೋ' ಅವಳ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಎಷ್ಟು ನಾಲಗೆ ಆಡಿಸಿದರೂ ಹೋಗಲಿಲ್ಲ. ಪ್ರೀತಿಯಿಂದಲೇ ಹೇಳಿದ ಸುಳ್ಳು, ನಿಜ. ಆದರೆ ಅದು ತಿಂದದ್ದು ಅಣ್ಣನ ದಿನಗಳನ್ನು.

ಮಗಳು ರಜೆ ಹಾಕಿ ಓಡಿ ಬಂದಳು. ಅಪ್ಪನ ಮುಂದೆ ನಗುತ್ತಿದ್ದು, ಅಡಿಗೆಮನೆಗೆ ಬಂದು ಅತ್ತೆಯ ಕೈ ಹಿಡಿದುಕೊಂಡಳು. "ನನಗೂ ಹೇಳಿರ್ಲಿಲ್ಲ ಅತ್ತೆ. ದಿನಾ ಫೋನ್ ಮಾಡ್ತಿದ್ದೆ, ದಿನಾ ಚೆನ್ನಾಗಿದೀನಿ ಅಂದ್ರು. ನೀವಾದ್ರೂ ನನಗೆ ಸುಳ್ಳು ಹೇಳ್ಬೇಡಿ. ಏನೇ ಇದ್ರೂ, ಎಷ್ಟೇ ಕೆಟ್ಟದ್ದಿದ್ರೂ, ಇದ್ದ ಹಾಗೆ ಹೇಳ್ಬೇಕು."

"ಹೇಳ್ತೀನಿ," ಎಂದಳು ತಂಗಿ. "ನಿನ್ನಾಣೆ."

ಆಮೇಲೆ ಮನೆಯಲ್ಲಿ ಹೊಸ ಕಾನೂನು ಬಂತು. "ಇನ್ಮೇಲೆ ಕೊನೆ ಹಾಳೆ ನಾನೇ ಓದೋದು," ಎಂದು ಅಣ್ಣನಿಗೆ ಹೇಳಿದಳು. ಆಸ್ಪತ್ರೆಯ ಪ್ರತಿ ಲಕೋಟೆಯನ್ನೂ ಅವಳೇ ಒಡೆದಳು, ಓದಿದ್ದನ್ನು ಓದಿದ ಹಾಗೆ ಅವನಿಗೂ ಮಗಳಿಗೂ ಹೇಳಿದಳು. ಅಷ್ಟಕ್ಕೇ ಬಿಡಲಿಲ್ಲ. ಬೀರುವಿನ ಮೇಲಿನ ದೀಪದಾಳುವಿನ ಎಂಬತ್ತನಾಲ್ಕು ಸಂಚಿಕೆಗಳನ್ನೂ ಇಳಿಸಿ, ಧೂಳು ಕೊಡವಿ, ಅಣ್ಣನ ಹಾಸಿಗೆಯ ಮೇಲೆ ಒಟ್ಟಿದಳು.

"ಒಂದೊಂದಾಗಿ ಹೇಳು. ಯಾವುದು ನಿಜ, ಯಾವುದು ನಿನ್ನ ಕೈಚಳಕ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಣ್ಣ ಹದಿನಾಲ್ಕನೇ ಸಂಚಿಕೆಯನ್ನು ಮೆಲ್ಲಗೆ ಕೆಳಕ್ಕೆ ಸರಿಸಲು ನೋಡಿದ. ಅವಳು ಅದನ್ನೇ ಎಳೆದಳು. ಅದರಲ್ಲಿ ಮುದಿ ನಾವಿಕನೊಬ್ಬ ಊರಿಗೆ ಮರಳಿ ಮೊಮ್ಮಕ್ಕಳ ಜೊತೆ ಇದ್ದ ಎಂದು ಅಣ್ಣ ಹೇಳಿದ್ದ. ನಿಜದಲ್ಲಿ ಅವನು ಊರು ಸೇರಿರಲೇ ಇಲ್ಲ. ಅವಳು ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ 'ಸು' ಎಂದು ಬರೆದಳು. ನಿಜವಾದವಕ್ಕೆ 'ನಿ'. ಅವಳು ಲ್ಯಾಬಿಗೆ ರಜೆ ಹಾಕಿದ್ದಳು, ಮಧ್ಯಾಹ್ನಗಳು ಹೀಗೆ ಕಳೆದವು. ಅವನಿಗೆ ಉಸಿರು ಸಾಲದೆ ಬರುತ್ತಿತ್ತು, ಒಂದು ದಿನಕ್ಕೆ ಎರಡು ಮೂರು ಸಂಚಿಕೆಗಿಂತ ಹೆಚ್ಚು ಆಗುತ್ತಿರಲಿಲ್ಲ. ಆದರೂ ಖಳನ ಕೆಮ್ಮು ಕೆಮ್ಮಬೇಕಾದಾಗ, "ಈಗ ಇದಕ್ಕೆ ಕಷ್ಟಾನೇ ಇಲ್ಲ" ಎಂದು ನಗಿಸಿದ.

ಒಟ್ಟು ಹತ್ತೊಂಬತ್ತು 'ಸು' ಆದವು. ಹತ್ತೊಂಬತ್ತರಲ್ಲೂ ಯಾರೋ ಸತ್ತಿದ್ದರು, ಇಲ್ಲ ಬಿಟ್ಟು ಹೋಗಿದ್ದರು. ಆ ಹುಡುಗ ಏಜೆನ್ಸಿಯ ಹಿಂದಿನ ಕೋಣೆಯಲ್ಲಿ ನಿಂತು ಒಬ್ಬನೇ ಓದಿ, ಮನೆಗೆ ಬರುವ ದಾರಿಯುದ್ದಕ್ಕೂ ಅವರನ್ನು ಬದುಕಿಸಿಕೊಂಡು ಬಂದಿದ್ದ. ಅವನಿಗೆ ಬೇರೆ ಕೊನೆ ಹೇಳುವವರು ಯಾರೂ ಇರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು.

ಎಂಬತ್ತನಾಲ್ಕನೆಯದಕ್ಕೆ 'ಸು' ಬರೆದು ಪೆನ್ಸಿಲ್ ಕೆಳಗಿಟ್ಟಳು.

"ಮುಗೀತು," ಎಂದ ಅಣ್ಣ.

ಮುಗಿದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಕೇಳಬಾರದು ಎಂದು ಅವಳು ತಿಂಗಳಿಂದ ತಡೆದುಕೊಂಡಿದ್ದಳು. ಆದರೆ ಕಾನೂನು ಮಾಡಿದವಳು ಅವಳೇ.

"ಅಣ್ಣಾ, ಅಮ್ಮ ಕೊನೆಗೆ ಹೇಳಿದ್ದು?"

ಅವನು ಬೇಡ ಎನ್ನುವ ಹಾಗೆ ಒಮ್ಮೆ ತಲೆಯಾಡಿಸಿದ. ಅವಳು ಅಲುಗಲಿಲ್ಲ.

"ಏನೂ ಹೇಳ್ಲಿಲ್ಲ ಚಿಮಣಿ. ಎರಡು ದಿನದಿಂದ ಅಮ್ಮಂಗೆ ಪ್ರಜ್ಞೇನೇ ಇರ್ಲಿಲ್ಲ. ನಾನು ಹೋದಾಗ ಮುಖದ ಮೇಲೆ ಬಟ್ಟೆ ಹಾಕಿದ್ರು."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆ ತಿಂದವಳು ಎದ್ದು ಅಡಿಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತಳು. ನಲವತ್ತಮೂರು ವರ್ಷ ಪ್ರತಿ ತುತ್ತಿನಲ್ಲೂ ಅವಳ ಜೊತೆಗಿದ್ದ ಅಮ್ಮ ಒಂದೇ ಮಾತಿಗೆ ಎದ್ದು ಹೋಗಿದ್ದಳು. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಒಲೆಯ ಮೇಲಿನದು ಆರಿತು. ಅವಳಿಗೆ ಪಾತ್ರೆಯ ಮುಚ್ಚಳ ತೆಗೆಯುವುದೂ ಬೇಡವಾಗಿತ್ತು. ಯಾಕಾದರೂ ಕೇಳಿದೆನೋ ಎಂದು ತನ್ನನ್ನೇ ಶಪಿಸಿಕೊಂಡಳು.

ಆಗ ಒಳಗಿನ ಕೋಣೆಯಿಂದ, ಎರಡು ಉಸಿರಿನಲ್ಲಿ, ಅಣ್ಣನ ದನಿ ಬಂತು. "ಚಿಮಣಿ... ಊಟ ಮಾಡಿದ್ಯಾ?"

ಆ ಪ್ರಶ್ನೆ ಮೊದಲಿನಿಂದಲೂ ಯಾರದಾಗಿತ್ತು ಎಂದು ಅವಳಿಗೆ ಆಗ ತಿಳಿಯಿತು. ಅವಳು ತಟ್ಟೆಗೆ ಬಡಿಸಿಕೊಂಡು ಅವನ ಎದುರಿಗೇ ಕೂತು ಉಂಡಳು. ಅವನು ಅವಳು ಉಣ್ಣುವುದನ್ನು ನೋಡುತ್ತಾ ಮಲಗಿದ್ದ.

ಅದಾಗಿ ಆರು ವಾರ. ಕೊನೆಯ ದಿನ ಬೆಳಿಗ್ಗೆಯಿಂದಲೇ ಅಣ್ಣನಿಗೆ ಯಾರ ಗುರುತೂ ಸಿಗಲಿಲ್ಲ. ಮಗಳು ದೂರದ ರೈಲಿನಲ್ಲಿದ್ದಳು. ಹಿಂದಿನ ಸಂಜೆಯೇ ಅವಳಿಗೆ ಹೇಳಿಯಾಗಿತ್ತು, ಮುಂದಿನ ಸ್ಟೇಷನ್ನಿನಲ್ಲಿಳಿದು ವಾಪಸು ರೈಲು ಹಿಡಿದಿದ್ದಳು. ನಾಲ್ಕಕ್ಕೆ ಬಂದುಬಿಡ್ತೀನಿ, ಅಪ್ಪನಿಗೆ ಹೇಳಿ, ಎಂದಿದ್ದಳು. ತಂಗಿ ಅವನ ಕಿವಿಯಲ್ಲಿ ಹೇಳಿದಳು. ಕೇಳಿಸಿತೋ ಇಲ್ಲವೋ.

ಹತ್ತು ಗಂಟೆಯ ಹೊತ್ತಿಗೆ ಅವನ ಕಣ್ಣು ತೆರೆಯಿತು. ನೋಟ ಅವ್ವನಿಲ್ಲದ ಕರುವಿನ ಹಾಗೆ ಕೋಣೆಯೆಲ್ಲ ಅಲೆದು, ಬಾಗಿಲ ಹತ್ತಿರ ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಅವನಿಗೆ ಮಾತ್ರ ಕಂಡ ಯಾರೋ ಒಬ್ಬ ರೋಗಿಗೆ, ಮೂವತ್ತೈದು ವರ್ಷದ ಅದೇ ಮರ್ಯಾದೆಯಿಂದ, ಅವನು ಹೇಳಿದ:

"ಅಲ್ಲಾಡ್ಬೇಡಿ... ಉಸಿರೆಳ್ಕೊಳ್ಳಿ... ಹಿಡ್ಕೊಳ್ಳಿ..."

ತಂಗಿ ತನಗೇ ಗೊತ್ತಿಲ್ಲದೆ ಉಸಿರು ಹಿಡಿದಳು. ಇನ್ನೊಂದು ಮಾತು ಬಾಕಿಯಿತ್ತು. ಅದಕ್ಕಾಗಿ ಅವಳು ಕಾದಳು. ಅವನು ಅದನ್ನು ಹೇಳಲಿಲ್ಲ.

ಮಗಳು ಬಂದಾಗ ನಾಲ್ಕೂಕಾಲು. ಸಮವಸ್ತ್ರದಲ್ಲೇ ಇದ್ದಳು, ಎದೆಯ ಮೇಲಿನ ಬಿಲ್ಲೆಯನ್ನೂ ತೆಗೆದಿರಲಿಲ್ಲ. ವಿಷಯ ಅವಳಿಗೆ ದಾರಿಯಲ್ಲೇ ಗೊತ್ತಾಗಿತ್ತು. ಅಪ್ಪನ ಪಕ್ಕದಲ್ಲಿ ಕೂತು ಅವನ ಕೂದಲು ಸರಿಮಾಡಿದಳು, ಹೊದಿಕೆ ಸರಿಮಾಡಿದಳು, ಸರಿಮಾಡಲು ಏನೂ ಉಳಿಯದಾದಾಗ ಎದ್ದು ಅಡಿಗೆಮನೆಗೆ ಬಂದಳು. ತುಟಿ ಒಣಗಿ ಬಿಳಿಚಿತ್ತು. ಮೇಜು ಹಿಡಿದುಕೊಂಡು ನಿಂತಳು.

"ಅತ್ತೆ, ಅಪ್ಪ ಕೊನೆಗೆ ಏನಾದ್ರೂ ಅಂದ್ರಾ?"

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆಂದು ಇವಳ ಆಣೆಯಿಟ್ಟಿದ್ದಾಗಿತ್ತು. ಇದ್ದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅದರಲ್ಲಿ ಮಗಳ ಹೆಸರಿರಲಿಲ್ಲ, ಯಾರ ಹೆಸರೂ ಇರಲಿಲ್ಲ. ಸುಳ್ಳು ಏನು ತಿನ್ನುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು, ಡಾಕ್ಟರ 'ಏನೋ' ಇನ್ನೂ ಹಲ್ಲಿನ ಸಂದಿಯಲ್ಲೇ ಇತ್ತು. ತಂಗಿ ಮಗಳ ಮುಖ ನೋಡಿದಳು. ಹಲ್ಲು ನೋಡಿ ಬದುಕಿದವಳು ಆ ಮುಖವನ್ನು ಪೂರ್ತಿಯಾಗಿ ನೋಡಿದಳು.

"ಅಂದ," ಎಂದಳು. "ನಿನ್ನ ಹೆಸರು ಹಿಡಿದು, 'ಅವಳು ಊಟ ಮಾಡಿದ್ಲಾ' ಅಂತ ಕೇಳ್ದ."

ಮಗಳು ಒಳಗಿನ ಕೋಣೆಯ ಕಡೆ ತಿರುಗಿದಳು. "ಇಲ್ಲ ಅಪ್ಪಾ," ಎಂದಳು, ಅಲ್ಲಿಗೇ ಕೇಳಿಸುವ ಹಾಗೆ. "ನಿನ್ನೆಯಿಂದ ಇಲ್ಲ." ಆಮೇಲೆ ಕುರ್ಚಿ ಎಳೆದು ಕೂತು, ತಡೆದದ್ದನ್ನೆಲ್ಲ ಅತ್ತಳು.

ತಂಗಿ ಬ್ರೆಡ್ಡು ಕತ್ತರಿಸಿ, ಸೂಪು ಬಿಸಿ ಮಾಡಿ ಅವಳ ಮುಂದಿಟ್ಟಳು. ಮಗಳು ಅಳುತ್ತಲೇ ಒಂದು ತುಂಡು ಅದ್ದಿ ಬಾಯಿಗಿಟ್ಟುಕೊಂಡಳು. ಆ ತುತ್ತು ಗಂಟಲಿನಿಂದ ಕೆಳಗಿಳಿಯುವವರೆಗೆ ತಂಗಿ ನೋಡುತ್ತಾ ನಿಂತಿದ್ದಳು. ಆಮೇಲೆ ಹಿಡಿದಿದ್ದ ಉಸಿರು ಬಿಟ್ಟಳು.